ಬಲಗಡೆ ಸ್ಟೀರಿಂಗ್‌ನ ಊರು: ಜಪಾನಿನ ಹಳೇ ಕಾರು, ವ್ಲಾಡಿವೊಸ್ಟಾಕ್‌ನ ಜಗಳ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಮ್ಮ ಕಾರುಗಳಲ್ಲಿ ಸ್ಟೀರಿಂಗ್ ಯಾಕೆ ಬಲಗಡೆ ಇರುತ್ತೆ? ನಾವು ರಸ್ತೆಯ ಎಡಕ್ಕೆ ಓಡಿಸ್ತೀವಿ, ಅದಕ್ಕೆ. ಡ್ರೈವರ್ ರಸ್ತೆಯ ನಡುಭಾಗಕ್ಕೆ ಹತ್ತಿರ ಕೂತರೆ ಎದುರಿಂದ ಬರೋದು ಕಾಣುತ್ತೆ, ಓವರ್‌ಟೇಕ್ ಮಾಡೋದು ಸುಲಭ. ರಷ್ಯಾದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ಹಾಗಾಗಿ ಅಲ್ಲಿ ಸ್ಟೀರಿಂಗ್ ಎಡಗಡೆ ಇರಬೇಕು. ಮಾಸ್ಕೋದಲ್ಲಿ ಹಾಗೇ ಇದೆ. ಆದರೆ ಅದೇ ದೇಶದ ಪೂರ್ವದ ತುದಿಗೆ, ವ್ಲಾಡಿವೊಸ್ಟಾಕ್ ಅನ್ನೋ ಬಂದರಿಗೆ ಹೋಗಿ ನೋಡಿದರೆ ರಸ್ತೆ ತುಂಬಾ ನಮ್ಮ ಊರಿನ ಹಾಗೆ ಬಲಗಡೆ ಸ್ಟೀರಿಂಗ್ ಇರೋ ಟೊಯೊಟಾ, ನಿಸಾನ್, ಹೋಂಡಾ. ಓಡೋದು ಮಾತ್ರ ರಸ್ತೆಯ ಬಲಕ್ಕೆ.

ಇವೆಲ್ಲ ಜಪಾನಿನವರು ಓಡಿಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಗಾಡಿಗಳು, ಹಡಗು ಹತ್ತಿ ಬಂದವು. ಈ ಹಳೇ ಕಾರುಗಳಿಗಾಗಿ ಒಂದು ಇಡೀ ಊರು ತನ್ನ ದೇಶದ ಸರ್ಕಾರದ ಎದುರು ಬೀದಿಗಿಳಿಯಿತು. ಇವತ್ತಿನ ಕಥೆ ಅದೇ.

ಮೊದಲು ಭೂಗೋಳ, ಯಾಕಂದ್ರೆ ಅರ್ಧ ಕಥೆ ಅಲ್ಲೇ ಇದೆ. ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ಗೆ ಟ್ರಾನ್ಸ್ ಸೈಬೀರಿಯನ್ ರೈಲಿನ ಹಾದಿ 9,288 ಕಿ.ಮೀ. ರೈಲು ಹತ್ತಿದರೆ ಹೆಚ್ಚು ಕಡಿಮೆ ಒಂದು ವಾರ. ಜಪಾನಿನ ಪಶ್ಚಿಮ ತೀರದ ಬಂದರುಗಳು ಸಮುದ್ರದಾಚೆ, ಹಡಗಿನಲ್ಲಿ ಒಂದೆರಡು ದಿನದ ದೂರ. ರಷ್ಯಾದ ಸ್ವಂತ ಕಾರು ಲಾಡಾ ತಯಾರಾಗೋದು ವೋಲ್ಗಾ ನದಿ ದಂಡೆಯ ತೊಲ್ಯಾಟ್ಟಿಯಲ್ಲಿ. ಅಲ್ಲಿ 1970ರಲ್ಲಿ ಇಟಲಿಯ ಫಿಯೆಟ್ 124 ಮಾದರಿ ಇಟ್ಕೊಂಡು ಕಾರು ತಯಾರಿಸೋಕೆ ಶುರು ಮಾಡಿದರು. ಅಂದ್ರೆ ವ್ಲಾಡಿವೊಸ್ಟಾಕ್‌ನವರ ಪಾಲಿಗೆ ಸ್ವದೇಶಿ ಕಾರು ದೂರದ್ದು, ವಿದೇಶಿ ಕಾರು ಪಕ್ಕದ ಮನೆಯದು.

ಸೋವಿಯತ್ ಕಾಲದಲ್ಲಿ ಈ ಹತ್ತಿರಕ್ಕೆ ಬೆಲೆ ಇರಲಿಲ್ಲ. ಊರು ಪೆಸಿಫಿಕ್ ನೌಕಾಪಡೆಯ ನೆಲೆ, ವಿದೇಶಿಯರಿಗೆ ಪ್ರವೇಶವೇ ಇಲ್ಲ. ಆದರೂ ಹಡಗಿನ ನಾವಿಕರು ಜಪಾನಿಗೆ ಹೋಗಿ ಬರ್ತಾ ಇದ್ದರಲ್ಲ, 1980ರ ದಶಕದ ಕೊನೆಯಲ್ಲಿ ಅವರು ವಾಪಸ್ ಬರುವಾಗ ಡೆಕ್ ಮೇಲೆ ಒಂದೊಂದು ಹಳೇ ಕಾರು ಕಟ್ಟಿಕೊಂಡು ಬರೋಕೆ ಶುರು ಮಾಡಿದರು. ಆಮೇಲೆ ಸೋವಿಯತ್ ಒಕ್ಕೂಟವೇ ಮುರಿದುಬಿತ್ತು. 1992ರ ಜನವರಿ 1ರಂದು ಊರಿನ ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಕಾರ್ಖಾನೆಗಳು ನಿಂತವು, ಸಂಬಳ ಬರೋದು ನಿಂತಿತು, ನೌಕಾಪಡೆಯ ಕೆಲಸ ಕರಗಿತು. ಕೈಯಲ್ಲಿ ಉಳಿದಿದ್ದು ಒಂದೇ ಆಸ್ತಿ: ಸಮುದ್ರದಾಚೆ ಜಪಾನ್ ಇದೆ ಅನ್ನೋದು.

ಸರಿ, ಜಪಾನಿನವರು ಅಷ್ಟೊಂದು ಒಳ್ಳೇ ಕಾರುಗಳನ್ನು ಯಾಕೆ ಮಾರ್ತಾರೆ? ಇದಕ್ಕೆ ಉತ್ತರ ‘ಶಾಕೆನ್’. ನಮ್ಮ ಎಫ್‌ಸಿ ಇದೆಯಲ್ಲ, ಅದರ ಜಪಾನಿ ಅಣ್ಣ ಅಂದುಕೊಳ್ಳಿ, ಆದರೆ ಸ್ವಂತ ಬಳಕೆಯ ಕಾರಿಗೂ ಬಿಡೋದಿಲ್ಲ. ಹೊಸ ಕಾರಿಗೆ ಮೂರು ವರ್ಷ ಆದ ಮೇಲೆ ಒಂದು ತಪಾಸಣೆ, ಅಲ್ಲಿಂದ ಎರಡೆರಡು ವರ್ಷಕ್ಕೊಮ್ಮೆ. ತಪಾಸಣೆ, ರಿಪೇರಿ, ವಿಮೆ, ತೆರಿಗೆ ಎಲ್ಲ ಒಟ್ಟಿಗೆ ಬಂದು ಕೂತ್ಕೊಳ್ಳುತ್ತೆ. 13 ವರ್ಷ ದಾಟಿದ ಕಾರಿಗೆ ತೆರಿಗೆ ಇನ್ನೂ ಜಾಸ್ತಿ. ಹಾಗಾಗಿ ಮುಂದಿನ ಶಾಕೆನ್ ಹತ್ತಿರ ಬರ್ತಿದ್ದ ಹಾಗೆ ಮಾಲೀಕರಿಗೆ ಕಾರು ಮಾರಿಬಿಡೋದೇ ವಾಸಿ ಅನ್ನಿಸುತ್ತೆ. ಆ ಕಾರು ಹರಾಜಿಗೆ ಹೋಗುತ್ತೆ. ಹರಾಜಿನಲ್ಲಿ ಪ್ರತಿ ಗಾಡಿಗೂ ಒಂದು ಹಾಳೆ: ಒಟ್ಟು ಇಷ್ಟು ಅಂಕ, ಎಲ್ಲಿ ಗೀರು, ಎಲ್ಲಿ ಡೆಂಟು, ಮುಂಚೆ ಆಕ್ಸಿಡೆಂಟ್ ಆಗಿತ್ತಾ, ಎಲ್ಲ ಬರೆದಿರುತ್ತೆ. ನಮ್ಮಲ್ಲಿ ಬ್ರೋಕರ್ ‘ಸಿಂಗಲ್ ಓನರ್ ಸರ್, ಡಾಕ್ಟರ್ ಓಡಿಸ್ತಿದ್ದ ಗಾಡಿ’ ಅಂತ ಹೇಳ್ತಾರಲ್ಲ, ಅದಕ್ಕಿಂತ ಸಾವಿರ ಪಾಲು ನಂಬಬಹುದಾದ ಕಾಗದ.

ವ್ಲಾಡಿವೊಸ್ಟಾಕ್ ಹೊರವಲಯದ ಗುಡ್ಡಗಳ ಮೇಲೆ ಈ ಕಾರುಗಳ ಸಂತೆ ಎದ್ದು ನಿಂತಿತು. ಹೆಸರು ಝೆಲ್ಯೋನಿ ಉಗೋಲ್, ಅಂದ್ರೆ ಹಸಿರು ಮೂಲೆ. ಗುಡ್ಡದ ತುಂಬಾ ಸಾವಿರಾರು ಕಾರು. ಸೈಬೀರಿಯಾದಿಂದ ಜನ ರೈಲಿನಲ್ಲಿ ಬಂದು, ಕಾರು ಕೊಂಡು, ಅದನ್ನೇ ಓಡಿಸಿಕೊಂಡು ವಾಪಸ್ ಹೋಗ್ತಿದ್ದರು. ಹೀಗೆ ಗಾಡಿ ಸಾಗಿಸೋದನ್ನೇ ಕಸುಬು ಮಾಡಿಕೊಂಡವರಿಗೆ ರಷ್ಯನ್ ಭಾಷೆಯಲ್ಲಿ ‘ಪೆರೆಗೋನ್ಶಿಕ್’ ಅಂತ ಹೆಸರು. ಖಬಾರೊವ್ಸ್ಕ್ ಮತ್ತು ಚಿತಾ ನಡುವೆ ಎರಡು ಸಾವಿರ ಕಿ.ಮೀ. ದಾರಿ, ಬಹುಪಾಲು ಜಲ್ಲಿ, ಮಣ್ಣು. ಕಲ್ಲು ಸಿಡಿದು ಬಣ್ಣ ಹೋಗದಿರಲಿ ಅಂತ ಕಾರಿನ ಮೂತಿಗೆ ಟೇಪು, ರಟ್ಟು, ಬಟ್ಟೆ ಸುತ್ತಿ ಓಡಿಸ್ತಿದ್ದರು. 1990ರ ದಶಕದಲ್ಲಿ ದಾರಿಗಳ್ಳರ ಕಾಟ ಬೇರೆ. ಊರಿನಲ್ಲಿ ಇಂಥ ಡ್ರೈವರ್‌ಗಳು, ಡೀಲರ್‌ಗಳು, ಗ್ಯಾರೇಜಿನವರು, ಕಸ್ಟಮ್ಸ್ ಕಾಗದ ಮಾಡಿಸೋರು, ಹಡಗಿನವರು, ಬಿಡಿಭಾಗ ಮಾರೋರು, ಎಲ್ಲರ ಅನ್ನವೂ ಒಂದೇ ಗಾಡಿಯಿಂದ.

ಬಲಗಡೆ ಸ್ಟೀರಿಂಗ್ ಇಟ್ಕೊಂಡು ಬಲಕ್ಕೆ ಓಡಿಸೋದು ಅಪಾಯ ಅಲ್ವಾ? ಹೌದು, ಸ್ವಲ್ಪ ಅಪಾಯನೇ. ಮುಂದಿರೋ ಲಾರಿ ದಾಟಬೇಕಾದ್ರೆ ಡ್ರೈವರ್‌ಗೆ ಎದುರಿನ ರಸ್ತೆ ಕಾಣಲ್ಲ. ಎಡಗಡೆ ಕೂತವರು ಇಣುಕಿ ‘ಹೋಗು’ ಅನ್ನಬೇಕು. ಜಪಾನಿ ಕಾರಿನ ಹೆಡ್‌ಲೈಟ್ ಕೂಡ ಎಡಕ್ಕೆ ವಾಲಿರುತ್ತೆ, ರಷ್ಯಾದ ರಸ್ತೆಯಲ್ಲಿ ಅದು ನೇರ ಎದುರಿನವರ ಕಣ್ಣಿಗೇ ಹೊಡೆಯುತ್ತೆ. ಸರ್ಕಾರ ಮೊದಲು ಹಿಡಿದ ಹಗ್ಗವೂ ಇದೇ. 2005ರಲ್ಲಿ ಬಲಗಡೆ ಸ್ಟೀರಿಂಗ್ ಕಾರುಗಳನ್ನೇ ನಿಷೇಧಿಸೋ ಮಾತು ಎದ್ದಾಗ ಹಲವು ನಗರಗಳಲ್ಲಿ ಜನ ಕಾರಿಗೆ ಕಿತ್ತಳೆ ರಿಬ್ಬನ್ ಕಟ್ಟಿಕೊಂಡು ಪ್ರತಿಭಟಿಸಿದರು.

ಅದೇ ವರ್ಷದ ಆಗಸ್ಟ್‌ನಲ್ಲಿ ಆಲ್ತಾಯ್ ಪ್ರಾಂತ್ಯದ ಗವರ್ನರ್ ಮಿಖಾಯಿಲ್ ಯೆವ್ದೊಕಿಮೊವ್ ರಸ್ತೆ ಅಪಘಾತದಲ್ಲಿ ಸತ್ತರು. ವೇಗವಾಗಿ ಬರ್ತಿದ್ದ ಅವರ ಮರ್ಸಿಡಿಸ್, ತಿರುವು ತಗೊಳ್ತಿದ್ದ ಒಂದು ಬಲಗಡೆ ಸ್ಟೀರಿಂಗ್ ಟೊಯೊಟಾಗೆ ತಾಗಿತ್ತು. ಟೊಯೊಟಾ ಓಡಿಸ್ತಿದ್ದವರು ಒಬ್ಬ ಸಾಮಾನ್ಯ ರೈಲ್ವೆ ನೌಕರ. 2006ರ ಫೆಬ್ರವರಿಯಲ್ಲಿ ಅವರಿಗೆ ನಾಲ್ಕು ವರ್ಷ ಶಿಕ್ಷೆ ಆಯ್ತು. ದೇಶದ ಉದ್ದಗಲಕ್ಕೂ ಕಾರಿನವರು ಹಾರ್ನ್ ಒತ್ತುತ್ತಾ ರಸ್ತೆಗಿಳಿದರು, ಮಾರ್ಚ್‌ನಲ್ಲಿ ಮೇಲಿನ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಬಲಗಡೆ ಸ್ಟೀರಿಂಗ್ ಅನ್ನೋದು ಅಷ್ಟು ಹೊತ್ತಿಗೆ ಬರೀ ಕಾರಿನ ಭಾಗ ಆಗಿ ಉಳಿದಿರಲಿಲ್ಲ. ದೊಡ್ಡವರ ಕಾರಿಗೆ ಒಂದು ಕಾನೂನು, ನಮ್ಮ ಕಾರಿಗೆ ಇನ್ನೊಂದು ಅನ್ನೋ ಸಿಟ್ಟಿನ ಗುರುತೂ ಆಗಿತ್ತು.

ಈಗ 2008. ಇಲ್ಲಿ ಸ್ವಲ್ಪ ಲೆಕ್ಕ ಬರುತ್ತೆ, ನಾನು ಬಿ.ಕಾಂ. ಓದಿದವನು, ಸಹಿಸ್ಕೊಳ್ಳಿ. ಆ ವರ್ಷ ಜಪಾನಿನಿಂದ ರಷ್ಯಾಕ್ಕೆ 5 ಲಕ್ಷಕ್ಕೂ ಹೆಚ್ಚು ಹಳೇ ಕಾರು ಹೋದವು. ವರ್ಷದ ಕೊನೆಗೆ ಜಗತ್ತಿನ ಆರ್ಥಿಕತೆ ಕುಸಿಯಿತು, ಲಾಡಾ ಕಾರ್ಖಾನೆಯೂ ಮುಳುಗೋ ಸ್ಥಿತಿ. ಅಲ್ಲಿ ಸುಮಾರು 1 ಲಕ್ಷ ನೌಕರರು, ಅವರ ಮನೆಯ ಚಿಂತೆಯೂ ಚಿಂತೆಯೇ, ಅದನ್ನು ತಳ್ಳಿಹಾಕೋಕಾಗಲ್ಲ. ಆಗ ಪ್ರಧಾನಿಯಾಗಿದ್ದ ಪುಟಿನ್ 2009ರ ಜನವರಿಯಿಂದ ಆಮದು ಕಾರಿನ ಸುಂಕ ಏರಿಸೋ ಆದೇಶಕ್ಕೆ ಸಹಿ ಹಾಕಿದರು.

ಈ ಸುಂಕದ ಜಾಣತನ ನೋಡಿ. ಹಳೇ ಕಾರಿಗೆ ಅದರ ಬೆಲೆಯ ಮೇಲೆ ಸುಂಕ ಅಲ್ಲ, ಎಂಜಿನ್‌ನ ಒಂದೊಂದು ಸಿಸಿಗೆ ಇಷ್ಟು ಯೂರೋ ಅಂತ. ಅದಕ್ಕೂ ಮುಂಚೆ ಏಳು ವರ್ಷ ದಾಟಿದ ಕಾರು ‘ತೀರಾ ಹಳೇದು’ ಅನ್ನೋ ದುಬಾರಿ ಸಾಲಿಗೆ ಬೀಳ್ತಿತ್ತು, ಈಗ ಐದು ವರ್ಷ ದಾಟಿದ್ದೂ ಬಿತ್ತು. ಸುಮ್ಮನೆ ಒಂದು ಉದಾಹರಣೆ: ಹರಾಜಿನಲ್ಲಿ 1,000 ಯೂರೋಗೆ ಸಿಕ್ಕ 1,500 ಸಿಸಿ ಕಾರು, ಸಿಸಿಗೆ 3 ಯೂರೋ ಸುಂಕ ಅಂದುಕೊಳ್ಳಿ. 4,500 ಯೂರೋ ಆಯ್ತು. ಕಾರಿಗಿಂತ ಸುಂಕವೇ ನಾಲ್ಕೂವರೆ ಪಟ್ಟು! ಶ್ರೀಮಂತರ ಹೊಸ ಕಾರಿಗೆ ಈ ಹೊಡೆತ ಅಷ್ಟಾಗಿ ಗೊತ್ತಾಗಲ್ಲ. ಕಡಿಮೆ ಬೆಲೆಯ ಕಾರಿಗೇ ಪೆಟ್ಟು ಜಾಸ್ತಿ.

2008ರ ಡಿಸೆಂಬರ್ 14ರಂದು ವ್ಲಾಡಿವೊಸ್ಟಾಕ್ ಬೀದಿಗಿಳಿಯಿತು. ಸಾವಿರಾರು ಜನ, ಕಾರು ಅಡ್ಡ ನಿಲ್ಲಿಸಿ ರಸ್ತೆ ಬಂದ್. ಪ್ರಾಂತ್ಯದ ಶಾಸನಸಭೆ ಕೂಡ ಸುಂಕ ಮುಂದೂಡಿ ಅಂತ ಮಾಸ್ಕೋಗೆ ಮನವಿ ಕಳಿಸಿತು. ಮಾಸ್ಕೋ ಕಳಿಸಿದ ಉತ್ತರ ಒಂದು ವಿಮಾನ. ಅದರೊಳಗೆ ‘ಝೂಬ್ರ್’ ಅನ್ನೋ ಗಲಭೆ ನಿಗ್ರಹ ಪಡೆ. ಊರಿನಲ್ಲೇ ಪೊಲೀಸರಿದ್ದರೂ ಸಾವಿರಾರು ಕಿ.ಮೀ. ದೂರದಿಂದ ಯಾಕೆ ಕರೆಸಿದರು? ಊರಿನ ಪೊಲೀಸರೂ ಅದೇ ಬಲಗಡೆ ಸ್ಟೀರಿಂಗ್ ಕಾರು ಓಡಿಸ್ತಿದ್ದವರಲ್ವಾ? ನನ್ನ ಊಹೆ ಅಷ್ಟೇ.

ಡಿಸೆಂಬರ್ 21, ಭಾನುವಾರ. ಮುಖ್ಯ ಚೌಕದಲ್ಲಿ ಹೊಸ ವರ್ಷದ ಅಲಂಕಾರದ ಮರ ನಿಲ್ಲಿಸಿದ್ದರು. ಪ್ರತಿಭಟನೆಗೆ ಅನುಮತಿ ಇರಲಿಲ್ಲ. ಜನ ಮರದ ಸುತ್ತ ಸೇರಿ, ಕೈಕೈ ಹಿಡಿದು ಹಬ್ಬದ ಕುಣಿತದ ಹಾಗೆ ಸುತ್ತೋಕೆ ಶುರು ಮಾಡಿದರು. ಝೂಬ್ರ್ ಪಡೆ ನುಗ್ಗಿತು. ಹತ್ತಾರು ಜನರನ್ನು ಎಳೆದು ವ್ಯಾನಿಗೆ ತುಂಬಿದರು. ಚಿತ್ರ ತೆಗೀತಿದ್ದ ಪತ್ರಕರ್ತರಿಗೂ ಏಟು ಬಿತ್ತು, ಅವರಲ್ಲಿ ಜಪಾನಿನ ಟಿವಿಯವರೂ ಇದ್ದರು. ಸುಂಕ ಹೇಳಿದ ತಿಂಗಳಿಗೇ ಜಾರಿಯಾಯಿತು. 2009ರಲ್ಲಿ ಬಂದ ಕಾರುಗಳು ಹಿಂದಿನ ವರ್ಷದ ಸುಮಾರು ಹತ್ತನೇ ಒಂದು ಪಾಲು ಮಾತ್ರ. ಹಸಿರು ಮೂಲೆ ಖಾಲಿ ಹೊಡೆಯಿತು. ಲಾಡಾ ಕಂಪನಿಗೆ ಸರ್ಕಾರ 2,500 ಕೋಟಿ ರೂಬಲ್ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ರಷ್ಯಾದಲ್ಲಿ ಮಾಡಿದ ಕಾರುಗಳನ್ನು ರೈಲಿನಲ್ಲಿ ಪೂರ್ವಕ್ಕೆ ಸಾಗಿಸೋ ಖರ್ಚೂ ಸರ್ಕಾರದ್ದೇ. 2009ರ ಕೊನೆಗೆ ವ್ಲಾಡಿವೊಸ್ಟಾಕ್‌ನಲ್ಲೇ ಕೊರಿಯಾದ ಸಾಂಗ್‌ಯಾಂಗ್ ಕಾರುಗಳ ಜೋಡಣೆ ಘಟಕವೂ ಶುರುವಾಯಿತು.

ಊರು ಸುಮ್ಮನೆ ಕೂತಿತಾ? ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂತಾರಲ್ಲ, ಹಾಗಾಯ್ತು. ಕಾರಿಗೆ ತಾನೇ ಸುಂಕ? ಬಿಡಿಭಾಗಕ್ಕೆ ಕಡಿಮೆ. ಹಾಗಾಗಿ ಜಪಾನಿನಲ್ಲಿ ಕಾರನ್ನು ನಡುವಿಗೆ ಗರಗಸ ಹಾಕಿ ಎರಡು ತುಂಡು ಮಾಡಿ, ಬಿಡಿಭಾಗ ಅಂತ ತಂದು, ಇಲ್ಲಿ ವೆಲ್ಡಿಂಗ್ ಮಾಡಿ ಮತ್ತೆ ಕಾರು ಮಾಡೋದು. ಇದಕ್ಕೆ ‘ರಸ್ಪಿಲ್’, ಗರಗಸದ ಕೊಯ್ತ, ಅಂತ ಹೆಸರು. ಇನ್ನೊಂದು ವಿಧಾನ ‘ಕನ್ಸ್ಟ್ರುಕ್ಟರ್’, ಮಕ್ಕಳ ಜೋಡಿಸೋ ಆಟಿಕೆಯ ಹೆಸರೇ ಅದು. ಎಂಜಿನ್, ಬಾಡಿ, ಚಾಸಿ ಎಲ್ಲ ಬೇರೆ ಬೇರೆ ಬಿಚ್ಚಿ ತಂದು, ಗುಜರಿಗೆ ಹೋದ ಹಳೇ ಕಾರೊಂದರ ದಾಖಲೆ ಪತ್ರದ ಮೇಲೆ ಮತ್ತೆ ಜೋಡಿಸೋದು. ಈ ಉಪಾಯಗಳು ಮುಂಚೆಯೂ ಇದ್ದವು, ಈಗ ಅದೇ ಒಂದು ಉದ್ಯಮವಾಯಿತು. ಎರಡು ತುಂಡು ಅಂಟಿಸಿದ ಕಾರು ಗುಂಡಿ ಬಿದ್ದ ರಸ್ತೆಯಲ್ಲಿ 100ರ ವೇಗದಲ್ಲಿ ಓಡೋದನ್ನ ಯೋಚಿಸಿ. ಸುರಕ್ಷತೆಯ ಮಾತು ಆಡಿದ ಸರ್ಕಾರದ ಸುಂಕವೇ ರಸ್ತೆಗೆ ಇಂಥ ಗಾಡಿ ತಂದು ಬಿಟ್ಟಿತು.

2010ರ ಆಗಸ್ಟ್ ಕೊನೆಯಲ್ಲಿ ಪುಟಿನ್ ಹಳದಿ ಬಣ್ಣದ ಲಾಡಾ ಕಲಿನಾ ಹತ್ತಿ ಖಬಾರೊವ್ಸ್ಕ್‌ನಿಂದ ಚಿತಾ ಕಡೆಗೆ ಹೊರಟರು. ಹೌದು, ಪೆರೆಗೋನ್ಶಿಕ್‌ಗಳು ಕಾರಿನ ಮೂತಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದ ಅದೇ ದಾರಿ, ಈಗ ಡಾಂಬರು ಕಂಡಿತ್ತು. ಕಾರು ಚೆನ್ನಾಗಿದೆ ಅಂತ ಟಿವಿ ಮುಂದೆ ಹೊಗಳಿದರು. ದಾರಿ ಬದಿಯಲ್ಲಿ ನಿಂತ ಯಾರೋ ಬೆಂಗಾವಲು ಸಾಲಿನ ವಿಡಿಯೊ ಮಾಡಿ ನೆಟ್‌ಗೆ ಹಾಕಿದರು. ಅದರಲ್ಲಿ ಇನ್ನೂ ಎರಡು ಹಳದಿ ಕಲಿನಾ ಹಿಂದೆ ಬರ್ತಿದ್ದವು. ಒಂದು ಟೋ ಲಾರಿಯ ಮೇಲೆ.

2012ರಲ್ಲಿ ರಷ್ಯಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು, ಸುಂಕ ಇಳಿಸ್ತೀವಿ ಅಂತ ಮಾತು ಕೊಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ‘ಗುಜರಿ ವಿಲೇವಾರಿ ಶುಲ್ಕ’ ಅಂತ ಹೊಸದೊಂದು ಬಂತು. ಕಾರು ಮುಂದೆ ಯಾವತ್ತೋ ಗುಜರಿಗೆ ಹೋಗುತ್ತಲ್ಲ, ಅದರ ಖರ್ಚು ಈಗಲೇ ಕೊಡಿ ಅಂತ. ಬೋರ್ಡ್ ಬದಲಾಯ್ತು, ಅಂಗಡಿ ಅದೇ.

ನಮ್ಮಲ್ಲಿ ಈ ಜಗಳ ಯಾಕಿಲ್ಲ ಅಂತ ನಿಮಗೆ ಅನ್ನಿಸಬಹುದು. ನಮ್ಮ ಬಾಗಿಲು ಮೊದಲಿಂದಲೂ ಹೆಚ್ಚು ಕಡಿಮೆ ಮುಚ್ಚಿದ್ದೇ. ನಮ್ಮ ಆಮದು ನಿಯಮದ ಪ್ರಕಾರ ಹಳೇ ಕಾರಿಗೆ ಮೂರು ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಬರಬೇಕಾದ್ದು ಮುಂಬೈ ಬಂದರಿನಿಂದಲೇ. ಮಂಗಳೂರು, ಉಡುಪಿ ಕಡೆಯವರು ದುಬೈನಲ್ಲಿ ಎಷ್ಟು ಆಸೆಪಟ್ಟು ಕೊಂಡ ಕಾರಾದರೂ ಅದರ ಸ್ಟೀರಿಂಗ್ ಎಡಗಡೆ, ಆಸೆ ಅಲ್ಲೇ ಬಿಟ್ಟು ಬರಬೇಕು. ಕಳೆದುಕೊಳ್ಳೋಕೆ ಅಂಥ ವ್ಯಾಪಾರವೇ ನಮ್ಮ ಯಾವ ಊರಿನಲ್ಲೂ ಬೆಳೆಯಲಿಲ್ಲ.

ವ್ಲಾಡಿವೊಸ್ಟಾಕ್‌ಗೆ ಕೊನೆಯ ಸಲ ವಾಪಸ್ ಬರೋಣ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಪಾಶ್ಚಾತ್ಯ ಮತ್ತು ಜಪಾನಿ ಕಂಪನಿಗಳು ರಷ್ಯಾ ಬಿಟ್ಟವು, ಹೊಸ ಕಾರು ಸಿಗೋದು ಕಷ್ಟ ಆಯ್ತು. ಆಗ ನೆನಪಾಗಿದ್ದು ಮತ್ತೆ ಇದೇ ಬಂದರು. ಜಪಾನಿನ ತೊಯಾಮಾ ಪ್ರಾಂತ್ಯದ ಫುಶಿಕಿ ಬಂದರಿನಿಂದ ಹಡಗುಗಟ್ಟಲೆ ಹಳೇ ಕಾರು ಹೊರಟವು. ಬೇಡ ಅಂತ ಮಾಸ್ಕೋ ದೂರ ಇಟ್ಟಿದ್ದ ಬಲಗಡೆ ಸ್ಟೀರಿಂಗ್ ಕಾರಿಗೆ ಈಗ ದೇಶದ ಒಳನಾಡಿನಿಂದಲೂ ಗಿರಾಕಿ. ಈ ಸಲ ಅಡ್ಡ ಬಂದಿದ್ದು ಜಪಾನ್. 2023ರ ಆಗಸ್ಟ್ 9ರಿಂದ 1,900 ಸಿಸಿಗಿಂತ ದೊಡ್ಡ ಎಂಜಿನ್‌ನ ಕಾರು, ಜೊತೆಗೆ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರು, ಹೊಸದಾಗಲಿ ಹಳೇದಾಗಲಿ ರಷ್ಯಾಕ್ಕೆ ಕಳಿಸುವ ಹಾಗಿಲ್ಲ ಅಂತ ನಿರ್ಬಂಧ ಹಾಕಿತು. ಡೀಲರ್‌ಗಳು ಹರಾಜಿನ ಹಾಳೆಯಲ್ಲಿ ಮೊದಲು ನೋಡೋದು ಗೀರು, ಡೆಂಟು ಅಲ್ಲ, ಎಂಜಿನ್ ಎಷ್ಟು ಸಿಸಿ ಅಂತ.