ಹೆಬ್ಬಾರರ ಚಿತ್ರಗಳಲ್ಲಿ ಮನುಷ್ಯ

ನವ್ಯ ಚಿತ್ರಕಲೆಯ ಮಾತೆತ್ತಿದರೆ ಸಾಕು, ನಮ್ಮ ಓದುಬಲ್ಲವರಲ್ಲಿಯೂ ಹಲವರು “ಅದರಲ್ಲಿ ಮನುಷ್ಯನೇ ಕಾಣುವುದಿಲ್ಲವಲ್ಲ!” ಎಂದು ಮೂಗು ಮುರಿಯುತ್ತಾರೆ. ಈ ಆಕ್ಷೇಪಕ್ಕೆ ಉತ್ತರವನ್ನು ನಾವು ಬಹಳ ದೂರ ಹುಡುಕಬೇಕಾಗಿಲ್ಲ. ನಮ್ಮ ಸೀಮೆಯಲ್ಲಿಯೇ ಇರುವ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ಕಲಾಜೀವನವೇ ಅದಕ್ಕೆ ಉತ್ತರವಾಗಿದೆ.

ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಅವರಿಗೆ ದೊರೆತದ್ದು ಕಂಡದ್ದನ್ನು ಕಂಡಂತೆ ಬರೆಯುವ ಪಾಶ್ಚಾತ್ಯ ಪದ್ಧತಿಯ ಶಿಕ್ಷಣ. ಅಷ್ಟಕ್ಕೆ ಅವರ ಮನಸ್ಸು ತಣಿಯಲಿಲ್ಲ. ಅಜಂತೆಯ ಭಿತ್ತಿಚಿತ್ರಗಳು, ಜೈನ ಹಸ್ತಪ್ರತಿಗಳ ಕಿರುಚಿತ್ರಗಳು, ಅಮೃತಾ ಶೇರ್‌ಗಿಲ್ ಅವರ ಕೃತಿಗಳು ಬೇರೊಂದು ದಾರಿಯನ್ನು ತೋರಿದವು. 1949ರಲ್ಲಿ ಅವರು ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸಮಾಡಿದರು. ಅಮೂರ್ತಕಲೆ ಯುರೋಪಿನಲ್ಲಿ ಬಿರುಸಾಗಿದ್ದ ಕಾಲವದು. ಮುಂದಿನ ವರ್ಷಗಳಲ್ಲಿ ಅವರ ಬಣ್ಣ ದಪ್ಪವಾಯಿತು, ಆಕೃತಿ ಸರಳವಾಯಿತು. ಚಿತ್ರದ ಮೈ ಹಳೆಯ ಗೋಡೆಯಂತೆ ಒರಟಾಯಿತು. ಆದರೂ ದುಡಿಯುವವರು, ಭಿಕ್ಷುಕರು, ಕುಣಿಯುವವರು, ಕೋಳಿ ಅಂಕದ ಜನ ಅವರನ್ನು ಬಿಟ್ಟು ಹೋಗಲಿಲ್ಲ.

ಇದು ಸಾಧ್ಯವಾದದ್ದು ಗೆರೆಯ ಬಲದಿಂದ. ಹೆಬ್ಬಾರರು ಕಥಕ್ ನೃತ್ಯವನ್ನು ಸ್ವತಃ ಕಲಿತವರು. ಅವರ ರೇಖಾಚಿತ್ರಗಳ ಪುಸ್ತಕ ‘ದಿ ಸಿಂಗಿಂಗ್ ಲೈನ್’ 1964ರಲ್ಲಿ ಬಂತು. ಮೈಯ ಭಾರವನ್ನೂ ಬಳುಕನ್ನೂ ನಾಲ್ಕು ಗೆರೆಗಳಲ್ಲಿ ಹಿಡಿಯಬಲ್ಲವನು, ಅದೇ ಮೈಯನ್ನು ಬಣ್ಣದಲ್ಲಿ ಕರಗಿಸಿದರೂ ಕಳೆದುಕೊಳ್ಳುವುದಿಲ್ಲ.

ತುಳುನಾಡಿನವನಾದ ನನಗೆ ಇನ್ನೊಂದು ಮಾತೂ ತೋರುತ್ತದೆ. ನಮ್ಮ ಭೂತಕೋಲವನ್ನು ನೋಡಿರಿ. ಮುಖಕ್ಕೆ ಬಣ್ಣ ಬಳಿದು, ಸೊಂಟಕ್ಕೆ ಎಳೆಯ ತೆಂಗಿನ ಗರಿ ಸುತ್ತಿ, ಬೆನ್ನಿಗೆ ಅಣಿ ಕಟ್ಟಿ ದೀವಟಿಗೆಯ ಬೆಳಕಿನಲ್ಲಿ ನಿಂತವನು ನಿನ್ನೆ ಗದ್ದೆಯಲ್ಲಿ ಕಂಡವನೇ ಆಗಿರಬಹುದು. ಈಗ ಅವನು ಬಣ್ಣ, ಗರಿ, ಬೆಂಕಿಗಳ ಒಂದು ಆಕಾರ. ಆದರೆ ಜನ ತಮ್ಮ ಕಷ್ಟವನ್ನು ಹೇಳಿಕೊಳ್ಳುವುದು ಆ ಆಕಾರದ ಮುಂದೆಯೇ. ಮನುಷ್ಯನೆಲ್ಲಿ ಹೋದನೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಇಂಥ ನೋಟದ ನಡುವೆ ಬೆಳೆದ ಕಣ್ಣಿಗೆ ಅಮೂರ್ತವು ಪ್ಯಾರಿಸಿನ ಸರಕೆಂದು ತೋರಿರಲಾರದು ಎಂಬುದು ನನ್ನ ಊಹೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದ ಹೆಬ್ಬಾರರು 1996ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಮಣಿಪಾಲದಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ಅಲ್ಲಿಗೆ ಹೋದವರು ಚಿತ್ರದಲ್ಲಿ ಕಣ್ಣು ಮೂಗುಗಳನ್ನು ಅರಸುವ ಆತುರವನ್ನು ತುಸು ತಡೆದುಕೊಳ್ಳಲಿ. ಕೋಲದ ಅಂಗಳದಲ್ಲಿ ತೋರುವ ತಾಳ್ಮೆಯನ್ನು ನಮ್ಮೂರಿನ ಈ ಕಲಾವಿದನಿಗೂ ತೋರಿದರೆ ಸಾಕು.