ಕೇಸು ಬೇಕೆಂಬ ಪೈಪೋಟಿ, ಕೇಸು ಬೇಡವೆಂಬ ಪೈಪೋಟಿ: ಪೊಲೀಸ್ ಹಾಸ್ಯಕಥನ ಮತ್ತು ಭದ್ರಾವತಿಯ ಸರಹದ್ದುಗಳು

ಪೊಲೀಸ್ ಠಾಣೆಯ ಹಾಸ್ಯವೆಂದರೆ ಕನ್ನಡ ಪ್ರೇಕ್ಷಕರಿಗೆ ತಟ್ಟನೆ ಹೊಳೆಯುವ ದೃಶ್ಯ ಬಹುಮಟ್ಟಿಗೆ ಒಂದೇ. ಮೇಜಿನ ಹಿಂದೆ ಗದರುವ ಸಾಹೇಬರು, ಎದುರಿಗೆ ಸೆಲ್ಯೂಟ್ ಹೊಡೆಯುವ ಭರದಲ್ಲಿ ಟೋಪಿ ಬೀಳಿಸಿಕೊಳ್ಳುವ ಪೇದೆ. ಒಂದೇ ದರ್ಜೆಯ ಇಬ್ಬರು ಅಧಿಕಾರಿಗಳು ಪರಸ್ಪರ ಪಂಥ ಕಟ್ಟಿ, ಯಾರು ಹೆಚ್ಚು ಕಳ್ಳರನ್ನು ಹಿಡಿಯುತ್ತಾರೆಂದು ಲೆಕ್ಕ ಇಡುವ ಕಥೆ ನಮ್ಮಲ್ಲಿ ಅಪರೂಪ. ಇದಕ್ಕೆ ಬರಹಗಾರರ ಕಲ್ಪನೆಯ ಬಡತನವೇ ಕಾರಣವೆಂದು ಹೇಳಿ ಕೈ ತೊಳೆದುಕೊಳ್ಳಬಹುದು. ನನಗೆ ಹಾಗನ್ನಿಸುವುದಿಲ್ಲ. ಇಲಾಖೆಯ ನೇಮಕಾತಿ ಕ್ರಮ ಮತ್ತು ನಮ್ಮ ರಂಗಭೂಮಿಯ ಹಾಸ್ಯಗಾರನ ಪರಂಪರೆ ಎರಡೂ ಸೇರಿ ಈ ಏಕತಾನತೆಯನ್ನು ಕಟ್ಟಿವೆ. ಸಮಾನರ ಪೈಪೋಟಿ ನಮ್ಮಲ್ಲೂ ಇದೆ, ಆದರೆ ಅದಿರುವುದು ಠಾಣೆಯೊಳಗಲ್ಲ, ಠಾಣೆ ಠಾಣೆಗಳ ನಡುವೆ.

ಹೋಲಿಕೆಗೆ ಅಮೆರಿಕದ ‘ಬ್ರೂಕ್ಲಿನ್ ನೈನ್-ನೈನ್’ ಧಾರಾವಾಹಿಯನ್ನು ತೆಗೆದುಕೊಳ್ಳಬಹುದು. ಡ್ಯಾನ್ ಗೋರ್ ಮತ್ತು ಮೈಕೆಲ್ ಶುರ್ ರೂಪಿಸಿದ ಇದು 2013ರಲ್ಲಿ ಶುರುವಾಗಿ 2021ರಲ್ಲಿ ಮುಗಿಯಿತು. ಎಂಟು ಸೀಸನ್, 153 ಕಂತು. ಮೊದಲ ಸೀಸನ್ನಿನ ಬೆನ್ನೆಲುಬು ಜೇಕ್ ಪೆರಾಲ್ಟಾ ಮತ್ತು ಏಮಿ ಸ್ಯಾಂಟಿಯಾಗೊ ಎಂಬ ಇಬ್ಬರು ಪತ್ತೇದಾರರ ಬಾಜಿ. ಯಾರು ಹೆಚ್ಚು ಜನರನ್ನು ಬಂಧಿಸುತ್ತಾರೆಂಬುದೇ ಪಂದ್ಯ. ಏಮಿ ಗೆದ್ದರೆ ಜೇಕ್‌ನ ಕಾರು ಅವಳದು, ಅವನು ಗೆದ್ದರೆ ಅವಳು ಅವನೊಡನೆ ಸುತ್ತಾಡಲು ಹೋಗಬೇಕು. ಎಲ್ಲರಿಗೂ ಕಾಣುವ ಅಂಕಪಟ್ಟಿ, ಪಕ್ಷಪಾತವಿಲ್ಲದ ಕ್ಯಾಪ್ಟನ್, ಸರಿಸಮಾನರಾದ ಇಬ್ಬರು ಆಟಗಾರರು: ಈ ಮೂರರಲ್ಲಿ ಒಂದು ತಪ್ಪಿದರೂ ನಗು ಹುಟ್ಟುವುದಿಲ್ಲ.

ಈ ಸಮಾನತೆಗೆ ಆಡಳಿತದ ಆಧಾರವಿದೆ. ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಎಲ್ಲರೂ ಕೆಳಗಿನ ಮೆಟ್ಟಿಲಿನಿಂದಲೇ ಹತ್ತುತ್ತಾರೆ. ಕ್ಯಾಪ್ಟನ್ ಆದವನೂ ಒಂದು ಕಾಲಕ್ಕೆ ಬೀದಿ ಗಸ್ತು ತಿರುಗಿದವನೇ. ನಮ್ಮಲ್ಲಿ ಒಳಗೆ ಬರಲು ಹಲವು ಬಾಗಿಲುಗಳಿವೆ. ಕಾನ್‌ಸ್ಟೇಬಲ್ ಆಗಿ ಬಂದವರ ದಾರಿ ಬೇರೆ, ನೇರ ಪಿಎಸ್‌ಐ ಆಗಿ ಬಂದವರದು ಬೇರೆ, ಐಪಿಎಸ್‌ಗೆ ಆಯ್ಕೆಯಾಗಿ ಬಂದವರದು ಮತ್ತೂ ಬೇರೆ. ಮೊದಲ ಬಾಗಿಲಿನಿಂದ ಬಂದವರಲ್ಲಿ ಬಹಳಷ್ಟು ಮಂದಿ ಎಎಸ್‌ಐ ದರ್ಜೆಯ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಎದುರಿಗಿರುವವರ ಕುರ್ಚಿ ತನಗೆ ಎಂದೂ ಸಿಗದೆಂದು ಗೊತ್ತಿರುವ ಕಡೆ ಪೈಪೋಟಿ ಹುಟ್ಟುವುದಿಲ್ಲ, ಅಣಕ ಹುಟ್ಟುತ್ತದೆ. ಈ ಅಂತರ ಪೇದೆಯ ತಲೆಯ ಮೇಲೆಯೇ ಕಾಣುತ್ತಿತ್ತು. ಅಧಿಕಾರಿಗೆ ಪೀಕ್ ಕ್ಯಾಪ್, ಪೇದೆಗೆ ಒಂದು ಪಕ್ಕ ಮೇಲೆ ಮಡಚಿದ ಅಗಲ ಅಂಚಿನ ಸ್ಲೌಚ್ ಹ್ಯಾಟ್. ಗಾಳಿಗೆ ಹಾರುವ, ಓಡುವಾಗ ಜಾರುವ ಆ ಟೋಪಿ ಹಾಸ್ಯನಟರಿಗೆ ಪುಕ್ಕಟೆ ಸಿಕ್ಕ ರಂಗಪರಿಕರ. 2025ರಲ್ಲಿ ಕರ್ನಾಟಕ ಸರ್ಕಾರ ಪೇದೆಗಳಿಗೂ ಪೀಕ್ ಕ್ಯಾಪ್ ಕೊಟ್ಟಿತು. ನಮ್ಮ ಕಾಮಿಡಿ ಶೋಗಳ ಪೇದೆ ಹಳೆಯ ಟೋಪಿಯನ್ನು ಅಷ್ಟು ಸುಲಭಕ್ಕೆ ಬಿಡಲಾರ. 2016ರ ಜೂನ್ 4ರಂದು ಪೊಲೀಸರು ಸಾಮೂಹಿಕ ರಜೆ ಹಾಕಬೇಕೆಂಬ ಕರೆ ಹೊರಟಾಗ ಮುಂದೆ ಬಂದ ದೂರುಗಳು, ಅಂದರೆ ಸಿಗದ ರಜೆ, ಕಡಿಮೆ ಸಂಬಳ, ಮೇಲಿನವರ ಕಿರುಕುಳ, ತೆರೆಯ ಮೇಲೆ ಬಹುಕಾಲದಿಂದ ನಗೆಯ ಸರಕಾಗಿದ್ದವುಗಳೇ.

ಈ ಪೇದೆ ಸಿನಿಮಾದಲ್ಲಿ ಹುಟ್ಟಿದವನಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಆಡುವ ಬಡಗುತಿಟ್ಟಿನ ಯಕ್ಷಗಾನ ನೋಡಿದವರಿಗೆ ಅವನ ಅಜ್ಜ ಗೊತ್ತು. ಹಾಸ್ಯಗಾರ ಅಲ್ಲಿ ದೂತನಾಗಿ, ಬಾಗಿಲು ಕಾಯುವವನಾಗಿ, ವನಪಾಲಕನಾಗಿ ಬರುತ್ತಾನೆ. ಮೂರೂ ರಾಜನ ಅಧಿಕಾರದ ಕಟ್ಟಕಡೆಯ ತುದಿಗಳು. ರಾಜ ಪದ್ಯಕ್ಕೆ ಕುಣಿದು ಘನವಾಗಿ ಅರ್ಥ ಹೇಳುತ್ತಿದ್ದರೆ, ದೂತ ಆಡುಮಾತಿನಲ್ಲಿ ಭಾಗವತರನ್ನೂ ಬಿಡದೆ ಕೆಣಕುತ್ತಾನೆ. ಅವನಿಗೆ ಪ್ರತಿಸ್ಪರ್ಧಿ ಇಲ್ಲ, ಯಜಮಾನ ಮಾತ್ರ ಇದ್ದಾನೆ. ‘ಅವನೇ ಶ್ರೀಮನ್ನಾರಾಯಣ’ (2019) ಚಿತ್ರದ ಇನ್‌ಸ್ಪೆಕ್ಟರ್ ನಾರಾಯಣ ಮತ್ತು ಅಚ್ಯುತಣ್ಣನ ಜೋಡಿಯಲ್ಲಿ ಇದೇ ಸಂಬಂಧ ಖಾಕಿ ತೊಟ್ಟಿದೆ. ಅಚ್ಯುತಣ್ಣನ ಪಾತ್ರದ ಅಚ್ಯುತ್ ಕುಮಾರ್ ಹೆಗ್ಗೋಡಿನ ನೀನಾಸಮ್ ಗರಡಿಯವರೆಂಬುದು ಇಲ್ಲಿ ಬರೀ ಕಾಕತಾಳೀಯವಲ್ಲ. ಸಾಹೇಬರ ಮಾತಿಗೆ ಅರೆಗಳಿಗೆ ತಡವಾಗಿ ತಲೆಯಾಡಿಸುವ ಆ ಲಯ ರಂಗದ ಮೇಲೆ ಪಳಗಿದ್ದು. ಅದೇ ವರ್ಷದ ‘ಬೆಲ್ ಬಾಟಂ’ ಪೊಲೀಸ್ ಠಾಣೆಗಳಲ್ಲೇ ಕಳವು ಮಾಡಿಸಿ ಇಲಾಖೆಯ ಮಾನವನ್ನು ಹಾಸ್ಯಕ್ಕೆ ಒಡ್ಡಿತು. ಅಲ್ಲೂ ನಾಯಕ ಒಂಟಿ ಪತ್ತೇದಾರ.

ಈ ಹಾಸ್ಯದ ಚರ್ಚೆಯಲ್ಲಿ ಶಿವಮೊಗ್ಗ ಜಿಲ್ಲೆಯ ಭದ್ರಾವತಿ ಎರಡು ಕಾರಣಕ್ಕೆ ಮುಖ್ಯ. ಮೊದಲನೆಯದು ದೊಡ್ಡಣ್ಣ. ಕನ್ನಡ ಚಿತ್ರಗಳಲ್ಲಿ ಹಾಸ್ಯಕ್ಕೂ ಖಳತನಕ್ಕೂ ಸಮನಾಗಿ ಒದಗಿದ, ಖಾಕಿಯನ್ನೂ ಸಾಕಷ್ಟು ಸಲ ತೊಟ್ಟ ಈ ನಟ ಇಲ್ಲಿನ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ನೌಕರರಾಗಿದ್ದುಕೊಂಡೇ ನಾಟಕ ಆಡುತ್ತಿದ್ದವರು. ಶಿಫ್ಟು, ಫೋರ್‌ಮನ್, ಮೇಲಧಿಕಾರಿಯ ಗದರಿಕೆ ಇವನ್ನೆಲ್ಲ ಹತ್ತಿರದಿಂದ ಕಂಡವರು ಗದರುವವನನ್ನೂ ಗದರಿಸಿಕೊಳ್ಳುವವನನ್ನೂ ಒಂದೇ ಮೈಯಲ್ಲಿ ತರಬಲ್ಲರು. ಅವರ ದಪ್ಪ ದನಿಯಲ್ಲಿ ಆ ಎರಡೂ ಇವೆ.

ಎರಡನೆಯದು ಊರಿನ ನಕ್ಷೆ, ಮತ್ತು ನನ್ನ ವಾದ ನಿಂತಿರುವುದು ಇದರ ಮೇಲೆ. ಬೆಂಕಿಪುರವಾಗಿದ್ದ ಊರು 1923ರಲ್ಲಿ ಇದೇ ಉಕ್ಕಿನ ಕಾರ್ಖಾನೆ, ಆಗಿನ ಮೈಸೂರು ಕಬ್ಬಿಣದ ಕಾರ್ಖಾನೆ, ಉತ್ಪಾದನೆ ಶುರು ಮಾಡಿದ ಮೇಲೆ ಬೇರೆಯೇ ಊರಾಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಒಂದೊಂದು ಕಾರ್ಖಾನೆಯೂ ತನ್ನದೇ ಬಡಾವಣೆ ಕಟ್ಟಿತು. ಇವತ್ತು ಠಾಣೆಗಳ ಫಲಕ ಓದಿದರೆ ಈ ಚರಿತ್ರೆಯನ್ನೇ ಓದಿದಂತೆ: ಓಲ್ಡ್ ಟೌನ್, ನ್ಯೂ ಟೌನ್, ಪೇಪರ್ ಟೌನ್. ಕಾಗದ ಕಾರ್ಖಾನೆ ನಿಂತುಹೋಗಿದೆ, ಠಾಣೆಯ ಹೆಸರು ನಿಂತಿಲ್ಲ. ಶಿವಮೊಗ್ಗದಲ್ಲೂ ದೊಡ್ಡಪೇಟೆ, ಕೋಟೆ, ಜಯನಗರ, ವಿನೋಬನಗರ, ತುಂಗಾನಗರ ಎಂದು ಠಾಣೆಗಳಿವೆ. ಈ ಠಾಣೆಗಳ ಇನ್‌ಸ್ಪೆಕ್ಟರುಗಳು ಒಂದೇ ದರ್ಜೆಯವರು, ಒಬ್ಬರೇ ಎಸ್‌ಪಿಗೆ ಉತ್ತರ ಕೊಡಬೇಕಾದವರು, ತಿಂಗಳ ಸಭೆಯಲ್ಲಿ ಅಕ್ಕಪಕ್ಕ ಕೂತು ಅಂಕಿಅಂಶ ಒಪ್ಪಿಸುವವರು. ಬ್ರೂಕ್ಲಿನ್ನಿನ ಹಾಸ್ಯಕ್ಕೆ ಬೇಕಾದ ಮೂರೂ ಇಲ್ಲಿ ಸಿಕ್ಕವು.

ಆದರೆ ಆಟದ ದಿಕ್ಕು ತಿರುವುಮುರುವು. ಅಲ್ಲಿ ಕೇಸು ಗಿಟ್ಟಿಸಲು ಪೈಪೋಟಿ, ಇಲ್ಲಿ ಸಾಗಹಾಕಲು. ದಾಖಲಾದ ಪ್ರತಿ ಕಳವೂ ಠಾಣೆಯ ಲೆಕ್ಕಕ್ಕೆ ಸೇರುತ್ತದೆ, ಪತ್ತೆಯಾಗದಿದ್ದರೆ ಬಾಕಿಯಾಗಿ ಉಳಿದು ಸಭೆಯಲ್ಲಿ ಬೈಗುಳ ತರುತ್ತದೆ. ಆದ್ದರಿಂದಲೇ ‘ಅದು ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಎಂಬುದು ಠಾಣೆಯ ಮೆಟ್ಟಿಲು ಹತ್ತಿದ ಯಾರಿಗೂ ಹೊಸದಲ್ಲದ ಮಾತು. ಭದ್ರಾ ಹೊಳೆಯ ಸೇತುವೆ ಬಳಿ ಬೈಕ್ ಕಳೆದುಕೊಂಡ ಒಬ್ಬ ಕಾರ್ಮಿಕನನ್ನು ಕಲ್ಪಿಸಿಕೊಳ್ಳೋಣ. ‘ಎಲ್ಲಿ ನಿಲ್ಸಿದ್ರಿ?’ ‘ಸೇತುವೆ ಹತ್ರ ಸಾರ್.’ ‘ಈ ಕಡೆನೋ, ಆ ಕಡೆನೋ?’ ‘ಮುಂದಿನ ಚಕ್ರ ಈ ಕಡೆ ಇತ್ತು ಸಾರ್.’ ದೂರು ಬರೆದುಕೊಳ್ಳುವ ರೈಟರ್ ಪೆನ್ನಿನ ಮುಚ್ಚಳ ಹಾಕಿ ಹೇಳುತ್ತಾನೆ: ‘ಹಾಗಾದ್ರೆ ಹಿಂದಿನ ಚಕ್ರದ ಕಡೆಯವ್ರ ಹತ್ರ ಹೋಗಿ, ಲಾಕ್ ಇರೋದು ಅಲ್ಲೇ.’ ತೇಲಿ ಬಂದ ಹೆಣವನ್ನು ಪೇದೆಗಳು ಬಿದಿರಿನ ಗಳುವಿನಿಂದ ಆಚೆ ದಡಕ್ಕೆ ತಳ್ಳಿದ ಕಥೆಯನ್ನು ಹೊಳೆಯಿರುವ ಊರುಗಳಲ್ಲೆಲ್ಲ ಹೇಳುತ್ತಾರೆ. ಹೇಳುವವನು ಯಾವಾಗಲೂ ಪಕ್ಕದ ಠಾಣೆಯ ಹೆಸರನ್ನೇ ಹಿಡಿಯುತ್ತಾನೆ ಎಂಬುದು ಆ ಕಥೆಯ ಸೊಗಸು.

ಸಾಹಿತ್ಯ ಈ ಜಾರಿಕೊಳ್ಳುವಿಕೆಯ ರುಚಿಯನ್ನು ಕಿರುತೆರೆಗಿಂತ ಮೊದಲೇ ಕಂಡಿದೆ. ಕುಪ್ಪಳಿಯ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಕಾದಂಬರಿಯಲ್ಲಿ ವಿಜ್ಞಾನಿ ಜೋಗಿಹಾಳರ ಸಾವನ್ನು ಬೆನ್ನಟ್ಟಿ ಕೆಸರೂರಿಗೆ ಬರುವ ಅಂಗಡಿ ಎಂಬ ತನಿಖಾಧಿಕಾರಿ ಕೊಲೆಗಾರನನ್ನು ಹಿಡಿಯುವ ಬದಲು ಊರಿನ ಒಡಕುಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ತನಿಖೆ ಮುಂದೆ ಹೋದಷ್ಟೂ ನಗು ಹೆಚ್ಚುತ್ತದೆ, ಭಯವೂ ಹೆಚ್ಚುತ್ತದೆ. ಕಿರುತೆರೆಯ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಮನೆಯ ಹೊಸಿಲಿನ ಆಸುಪಾಸಿನಲ್ಲೇ ಗೆದ್ದವು. ಕಚೇರಿಯ ನಗೆ ಅವುಗಳ ಕೇಂದ್ರವಾಗಲಿಲ್ಲ.

ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಪೊಲೀಸರನ್ನು ಮುದ್ದಾಗಿ ತೋರಿಸುವ ಹಾಸ್ಯ ಲಾಕಪ್ಪಿನ ಹಿಂಸೆಯನ್ನು ಮರೆಸುತ್ತದೆ ಎಂಬ ಮಾತು ‘ಬ್ರೂಕ್ಲಿನ್ ನೈನ್-ನೈನ್’ ತಂಡಕ್ಕೂ ತಟ್ಟಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಅವರು ಕೊನೆಯ ಸೀಸನ್ನಿಗೆ ಬರೆದಿದ್ದ ಕಂತುಗಳನ್ನು ಬದಿಗಿಟ್ಟು ಹೊಸದಾಗಿ ಬರೆದರು. ಆ ಧಾರಾವಾಹಿಯಲ್ಲಿ ದೂರು ತಂದವರು ಬಂದು ಹೋಗುವವರು, ಆಟ ಪತ್ತೇದಾರರದ್ದು. ಸರಹದ್ದಿನ ಹಾಸ್ಯದಲ್ಲಿ ಹಾಗಾಗದು. ಓಲ್ಡ್ ಟೌನಿನಿಂದ ನ್ಯೂ ಟೌನಿಗೆ, ಅಲ್ಲಿಂದ ಪೇಪರ್ ಟೌನಿಗೆ ಅಲೆಯುವ ಪಿರ್ಯಾದಿಯನ್ನು ತೆಗೆದರೆ ಕಥೆಯೇ ಇಲ್ಲ. ಅವನ ಸವೆದ ಚಪ್ಪಲಿಯ ಕಡೆಯಿಂದಲೇ ಕ್ಯಾಮೆರಾ ಠಾಣೆಯನ್ನು ನೋಡಬೇಕಾಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂದು ಹೇಳುತ್ತದೆ. ಜೀರೊ ಎಫ್‌ಐಆರ್ ಎಂದು ಮೊದಲಿಂದ ರೂಢಿಯಲ್ಲಿದ್ದುದು ಈಗ ಕಾನೂನಿನ ಅಕ್ಷರವಾಗಿದೆ. ಸೇತುವೆಯ ಬಳಿಯ ರೈಟರ್ ಇನ್ನು ಮುಂದೆ ಪೆನ್ನಿನ ಮುಚ್ಚಳ ಹಾಕುವಂತಿಲ್ಲ. ದೂರು ಬರೆದುಕೊಂಡು ಕಡತವನ್ನು ಪಕ್ಕದ ಠಾಣೆಗೆ ಕಳಿಸಬೇಕು, ಪಕ್ಕದ ಠಾಣೆಯವರು ಚಕ್ರದ ಅಳತೆ ಹಿಡಿದು ವಾಪಸು ಕಳಿಸಲು ನೋಡಬಹುದು. ಈಗ ಕಥೆ ಬರೆಯಹೊರಟವರು ಪಿರ್ಯಾದಿಯನ್ನಲ್ಲ, ಆ ಕಡತವನ್ನು ಹಿಂಬಾಲಿಸಬೇಕಾಗಬಹುದು. ಅದರ ಜೊತೆ ಪಿರ್ಯಾದಿಯೂ ತೆರೆಯ ಮೇಲೆ ಉಳಿಯುವಂತೆ ಮಾಡುವುದೇ ಅವರಿಗಿರುವ ಕಷ್ಟ.