ಪುಕ್ಕಟೆ ಗಣಕವ್ಯವಸ್ಥೆಯೂ ಅದರ ಹಿಂದಿನ ಕಂಪನಿಗಳೂ

ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚುವುದು ಹೆಸ್ಕಾಂ ಅಲ್ಲ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಇಂಥ ಸಂಘ ಇದೊಂದೇ. 1969ರಲ್ಲಿ ಹುಟ್ಟಿದ ಇದು ದೇಶದಲ್ಲಿ ಪ್ರಯೋಗಾರ್ಥವಾಗಿ ಸ್ಥಾಪಿಸಿದ ಐದು ಸಂಘಗಳ ಪೈಕಿ ಒಂದು. ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಅಂದಿನ ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ ಉಳಿದ ನಾಲ್ಕು. ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಅನುಭವ ಇವುಗಳಿಗೆ ಮಾದರಿಯಾಗಿತ್ತು. ಸಂಘವು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ಸಗಟಾಗಿ ಕೊಂಡು ಸದಸ್ಯರಿಗೆ ಹಂಚುತ್ತದೆ. ಕಂಬ, ತಂತಿ, ಕಚೇರಿ ಸದಸ್ಯರವು. ಆಡಳಿತ ಮಂಡಳಿಗೆ ಚುನಾವಣೆ ನಡೆಯುತ್ತದೆ.

ಅಲ್ಲಿಂದ ಬಹುದೂರವೇನೂ ಇಲ್ಲದ ಗೋಕಾಕ ಫಾಲ್ಸಿನಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕಥೆಯಿದೆ. ಘಟಪ್ರಭೆಯ ಧುಮುಕುವ ನೀರಿನ ಬಲವನ್ನೇ ನೆಚ್ಚಿ 1885ರಲ್ಲಿ ಒಂದು ಕಂಪನಿ ಹುಟ್ಟಿತು. ಅದರ ಹೆಸರಿನಲ್ಲಿಯೇ ಜಲಶಕ್ತಿಯಿತ್ತು. ನೂಲಿನ ಗಿರಣಿ ಬಂತು, ಗಿರಣಿಯ ಸುತ್ತ ಊರು ಬೆಳೆಯಿತು, ಚಾಳುಗಳೂ ಶಾಲೆಯೂ ಬಂದವು. ಕಂಪನಿಯ ಒಡೆತನ ಕಾಲಕಾಲಕ್ಕೆ ಬದಲಾಯಿತು. ಆ ಮಾತುಕತೆಗಳೆಲ್ಲ ದೂರದ ಮುಂಬಯಿಯಲ್ಲಿ ನಡೆದವೇ ಹೊರತು ಗಿರಣಿಯ ಕಾರ್ಮಿಕನನ್ನು ಯಾರೂ ಕೇಳಲಿಲ್ಲ.

ಗಣಕದ ವಿಷಯ ಬರೆಯಬೇಕಾದ ಮಾಸ್ತರರು ವಿದ್ಯುತ್ ಕಂಬವನ್ನೇಕೆ ಹತ್ತಿದರೆಂದು ಓದುಗರು ಕೇಳಬಹುದು. ಕಾರಣವಿದೆ. ಲಿನಕ್ಸ್ ಎಂಬ ಗಣಕವ್ಯವಸ್ಥೆಯ ಕುರಿತು ನಾನು ಕೇಳಿದ ಮೊದಲ ಗಂಭೀರ ಚರ್ಚೆ ನಡೆದದ್ದೇ ಈ ಎರಡು ಸಂಸ್ಥೆಗಳನ್ನು ಮುಂದಿಟ್ಟುಕೊಂಡು. 2011ರಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆಯು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಸಹಯೋಗದಲ್ಲಿ ಪ್ರೌಢಶಾಲಾ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಉಬುಂಟು ಹಾಕಿದ ಗಣಕಗಳ ಮುಂದೆ ಕುಳಿತು ಜಿಯೋಜೀಬ್ರಾ ಮುಂತಾದವನ್ನು ಕಲಿತರು. ಗೋಕಾಕ, ಹುಕ್ಕೇರಿ ಕಡೆಯವರು ಇದ್ದೆವು. ಮೂಡಲಗಿಯವರೂ ಇದ್ದರು, ಮೂಡಲಗಿ ಆಗಿನ್ನೂ ಗೋಕಾಕ ತಾಲ್ಲೂಕಿನ ಒಂದು ಊರು.

ಚಹದ ಬಿಡುವಿನಲ್ಲಿ ಗಿರಣಿ ಕಾರ್ಮಿಕರ ಮನೆತನದಿಂದ ಬಂದ ಶಿಕ್ಷಕರೊಬ್ಬರು ಹೇಳಿದರು: “ಸರ, ಪುಕ್ಕಟೆ ಕೊಟ್ಟವರು ಒಂದ ದಿನಾ ಲೆಕ್ಕಾ ಕೇಳದ ಬಿಡೂದಿಲ್ಲ ನೋಡ್ರಿ. ಇದರ ಹಿಂದೂ ಒಬ್ಬ ಮಾಲಕ ಇದ್ದಾನ.” ಹುಕ್ಕೇರಿಯ ಶಿಕ್ಷಕರು ಸುಮ್ಮನಿರಲಿಲ್ಲ: “ಇರಲಿ ಬಿಡ್ರಿ. ನಮ್ಮ ಸೊಸೈಟಿಗೆ ಕರೆಂಟ್ ಎಲ್ಲಿಂದ ಬರತೈತಿ? ಮ್ಯಾಲಿಂದನ ಬರತೈತಿ. ಆದರ ತಂತಿ ನಮ್ಮದು ಹೌದಲ್ಲೋ?” ಆ ಚರ್ಚೆ ಅಂದು ಮುಗಿಯಲಿಲ್ಲ. ಮುಂದಿನ ವರ್ಷಗಳಲ್ಲಿ ನಡೆದ ಸಂಗತಿಗಳನ್ನು ನೋಡಿದರೆ ಇಬ್ಬರ ಮಾತೂ ಒಂದೊಂದು ಕಡೆ ನಿಜವಾಗಿದೆ. ಎಲ್ಲಿ, ಹೇಗೆ ಎಂಬುದು ಇತಿಹಾಸದಿಂದಲೇ ತಿಳಿಯಬೇಕಾದ ವಿಷಯ.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ‘ಗ್ನೂ’ ಯೋಜನೆಯನ್ನು ಘೋಷಿಸಿದರು. ತಂತ್ರಾಂಶದ ಮೂಲಸಂಕೇತವು ಬಳಸುವವನಿಗೂ ದೊರೆಯಬೇಕು, ಅವನು ಅದನ್ನು ತಿದ್ದಬಹುದು, ಹಂಚಬಹುದು ಎಂಬುದು ಅವರ ನಿಲುವು. 1989ರಲ್ಲಿ ಅವರು ರೂಪಿಸಿದ ಜಿ.ಪಿ.ಎಲ್. ಎಂಬ ಪರವಾನಗಿಯ ಜಾಣತನ ಒಂದೇ ಷರತ್ತಿನಲ್ಲಿದೆ: ನೀನು ಇದನ್ನು ಬೇರೆಯವರಿಗೆ ಕೊಡುವಾಗ ನಿನಗೆ ದೊರೆತ ಹಕ್ಕುಗಳನ್ನೂ ಜೊತೆಗೇ ಕೊಡು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಗಣಕವ್ಯವಸ್ಥೆಯ ತಿರುಳೊಂದನ್ನು ಬರೆದು, ಮರುವರ್ಷ ಅದನ್ನು ಇದೇ ಪರವಾನಗಿಯಡಿ ತಂದರು. ತಿರುಳಿಗೆ ಬೇಕಾದ ಉಳಿದ ಸಲಕರಣೆಗಳನ್ನು ಸೇರಿಸಿ, ಸಾಮಾನ್ಯರು ಅಳವಡಿಸಿಕೊಳ್ಳುವಂತೆ ಕಟ್ಟಿಕೊಡುವವರೂ ಹುಟ್ಟಿಕೊಂಡರು. ಇಂಥ ಕಟ್ಟುಗಳಿಗೆ ವಿತರಣೆಗಳೆಂದು ಹೆಸರು.

ವಿತರಣೆಗಳಲ್ಲಿ ಆರಂಭದಿಂದಲೇ ಎರಡು ಜಾಡುಗಳಿದ್ದವು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಒಂದು ಜಾಡು. ಅದಕ್ಕೆ ಮಾಲಿಕನಿಲ್ಲ; ಸಂವಿಧಾನವಿದೆ, ಸದಸ್ಯರಿದ್ದಾರೆ, ಪ್ರತಿವರ್ಷ ಮುಖ್ಯಸ್ಥನ ಚುನಾವಣೆ ನಡೆಯುತ್ತದೆ. (ನಮ್ಮ ಕಡೆಯ ಸಹಕಾರಿ ಚುನಾವಣೆಗಳ ಜಿದ್ದು ಅಲ್ಲಿಲ್ಲವೆಂದು ತೋರುತ್ತದೆ, ಊಟದ ವ್ಯವಸ್ಥೆಯಂತೂ ಇರಲಾರದು!) ರೆಡ್ ಹ್ಯಾಟ್, ಜರ್ಮನಿಯ ಸೂಸೆ ಮೊದಲಾದ ಕಂಪನಿಗಳದು ಎರಡನೆಯ ಜಾಡು. ತಂತ್ರಾಂಶವನ್ನು ಮಾರಲಾಗದಿದ್ದರೇನು? ಅದರ ನಿರ್ವಹಣೆಯನ್ನು, ಭರವಸೆಯನ್ನು ಮಾರಬಹುದೆಂದು ಅವು ಕಂಡುಕೊಂಡವು. ನಮ್ಮಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ 1990ರ ದಶಕದಲ್ಲಿ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ.ಗಳನ್ನು ಕೊಡುತ್ತಿತ್ತು, ದೂರವಾಣಿ ತಂತಿಯ ಅಂತರ್ಜಾಲ ಕುಂಟುತ್ತಿದ್ದ ಆ ದಿನಗಳಲ್ಲಿ ಅದೇ ದೊಡ್ಡ ಉಪಕಾರ.

2004ರಲ್ಲಿ ಬಂದ ಉಬುಂಟು ಎರಡೂ ಜಾಡುಗಳನ್ನು ಬೆಸೆಯಿತು. ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ 1999ರಲ್ಲಿ ತಮ್ಮ ಕಂಪನಿಯನ್ನು 57.5 ಕೋಟಿ ಡಾಲರಿಗೆ ಮಾರಿದ್ದರು. ಆ ಹಣದ ಬಲದಿಂದ ಕೆನಾನಿಕಲ್ ಎಂಬ ಸಂಸ್ಥೆಯನ್ನು ಕಟ್ಟಿ, ಡೆಬಿಯನ್ನಿನ ತಳಹದಿಯ ಮೇಲೆ ಸಾಮಾನ್ಯರ ಗಣಕವ್ಯವಸ್ಥೆಯನ್ನು ನಿಲ್ಲಿಸಿದರು. ಉಬುಂಟುವಿನ ದೋಷಪಟ್ಟಿಯಲ್ಲಿ ಅವರು ಬರೆದ ಮೊದಲನೆಯ ದೋಷವೇ ಮಾರುಕಟ್ಟೆಯಲ್ಲಿ ಮೈಕ್ರೋಸಾಫ್ಟಿನ ಪ್ರಾಬಲ್ಯ! 2013ರಲ್ಲಿ ಆ ದೋಷ ನಿವಾರಣೆಯಾಯಿತೆಂದು ಅವರೇ ಗುರುತು ಹಾಕಿದರು. ಆದರೆ ಅದನ್ನು ನಿವಾರಿಸಿದ್ದು ಉಬುಂಟು ಅಲ್ಲ, ಆಂಡ್ರಾಯ್ಡ್ ಫೋನುಗಳು. ಆಂಡ್ರಾಯ್ಡಿನ ಒಳತಿರುಳು ಲಿನಕ್ಸ್ ಆದರೂ ಅದರ ಹಿಂದಿರುವುದು ಗೂಗಲ್. ಕೇಳಿದವರಿಗೆ ಉಬುಂಟುವಿನ ಸಿ.ಡಿ.ಗಳನ್ನು ಅಂಚೆವೆಚ್ಚವನ್ನೂ ಕೇಳದೆ ವಿದೇಶದಿಂದ ಕಳುಹಿಸುವ ಪದ್ಧತಿ 2011ರವರೆಗೂ ಇತ್ತು. ಕಳ್ಳ ಪ್ರತಿಯ ವಿಂಡೋಸ್ ಹಾಕಿಸಲು ಪೇಟೆಯಲ್ಲಿ ಕಾಸು ತೆತ್ತು ರೂಢಿಯಾಗಿದ್ದ ನಮಗೆ, ಅಂಚೆಯವನು ತಂದುಕೊಟ್ಟ ಆ ನ್ಯಾಯಬದ್ಧ ಸಿ.ಡಿ.ಯನ್ನು ನಂಬುವುದೇ ಕಷ್ಟವಾಗಿತ್ತು.

ಗಿರಣಿಯ ಮನೆತನದ ಮಿತ್ರರ ಸಂಶಯ ನಿಜವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 2012ರ ಅಕ್ಟೋಬರಿನ ಉಬುಂಟುವಿನಲ್ಲಿ, ನಮ್ಮ ಗಣಕದೊಳಗೆ ನಾವು ಹುಡುಕಿದ ಪದಗಳು ಕೆನಾನಿಕಲ್ ಮೂಲಕ ಹಾದು ಅಮೆಜಾನಿನ ಸರಕುಗಳನ್ನು ತಂದು ತೋರಿಸತೊಡಗಿದವು. ಸ್ಟಾಲ್ಮನ್ ಅದನ್ನು ಬೇಹುಗಾರಿಕೆಯೆಂದೇ ಕರೆದರು. 2016ರ ಆವೃತ್ತಿಯಲ್ಲಿ ಆ ಸೌಲಭ್ಯವನ್ನು ತಾನಾಗಿ ನಡೆಯದಂತೆ ಮಾಡಿದರು. ನಾಲ್ಕು ವರ್ಷ ಕಡಿಮೆ ಅವಧಿಯಲ್ಲ. ಆದರೆ ಆ ನಾಲ್ಕು ವರ್ಷ ಸಹಿಸಬೇಕೆಂಬ ಕಡ್ಡಾಯ ಯಾರಿಗೂ ಇರಲಿಲ್ಲ. ಉಬುಂಟುವನ್ನೇ ಆಧರಿಸಿದ ಲಿನಕ್ಸ್ ಮಿಂಟ್ ಇತ್ತು, ತಾಯಿಬೇರಾದ ಡೆಬಿಯನ್ ಇತ್ತು. ಮಿಂಟ್ ತಂಡವಂತೂ 2020ರಲ್ಲಿ ಕೆನಾನಿಕಲ್‌ನ ಸ್ನ್ಯಾಪ್ ವ್ಯವಸ್ಥೆಯನ್ನು ತನ್ನ ವಿತರಣೆಯಲ್ಲಿ ಬಾಗಿಲ ಹೊರಗೇ ನಿಲ್ಲಿಸಿತು.

ಸೂಸೆಯ ಕಥೆ ಗೋಕಾಕ ಗಿರಣಿಯದನ್ನೇ ನೆನಪಿಸುತ್ತದೆ. ನೊವೆಲ್ ಅದನ್ನು ಕೊಂಡಿತು. 2006ರಲ್ಲಿ ಮೈಕ್ರೋಸಾಫ್ಟಿನೊಡನೆ ಪೇಟೆಂಟುಗಳ ಕುರಿತು ಒಪ್ಪಂದ ಮಾಡಿಕೊಂಡು ಸ್ವಯಂಸೇವಕರ ಕೋಪಕ್ಕೆ ಗುರಿಯಾಯಿತು. 2007ರಲ್ಲಿ ಬಂದ ಜಿ.ಪಿ.ಎಲ್. ಮೂರನೆಯ ಆವೃತ್ತಿಯಲ್ಲಿ ಇಂಥ ಒಪ್ಪಂದಗಳನ್ನು ತಡೆಯುವ ಕಲಮನ್ನೇ ಸೇರಿಸಬೇಕಾಯಿತು. ಆಮೇಲೆ ಅಟ್ಯಾಚ್‌ಮೇಟ್, ಮೈಕ್ರೋ ಫೋಕಸ್, 2019ರಲ್ಲಿ ಇಕ್ಯೂಟಿ ಎಂಬ ಬಂಡವಾಳ ಸಂಸ್ಥೆ: ಹೀಗೆ ಅದು ಕೈಯಿಂದ ಕೈಗೆ ಸಾಗಿತು. ಅದೇ 2019ರಲ್ಲಿ ಐ.ಬಿ.ಎಂ. 3,400 ಕೋಟಿ ಡಾಲರ್ ತೆತ್ತು ರೆಡ್ ಹ್ಯಾಟನ್ನು ಕೊಂಡಿತು. ಮರುವರ್ಷದ ಡಿಸೆಂಬರಿನಲ್ಲಿ, ರೆಡ್ ಹ್ಯಾಟಿನ ಉಚಿತ ಪ್ರತಿರೂಪವಾಗಿದ್ದ ಸೆಂಟ್ ಓಎಸ್‌ನ 8ನೆಯ ಆವೃತ್ತಿಯನ್ನು 2021ರ ಅಂತ್ಯಕ್ಕೇ ನಿಲ್ಲಿಸುವುದಾಗಿ ಪ್ರಕಟಣೆ ಬಂತು. 2029ರವರೆಗೆ ನಡೆಯುತ್ತದೆಂದು ನಂಬಿ ಅದನ್ನು ಅಳವಡಿಸಿದ್ದವರ ಪಾಡನ್ನು ಊಹಿಸಿಕೊಳ್ಳಿ. ಆದರೆ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಎಂಬ ಎರಡು ಹೊಸ ವಿತರಣೆಗಳು 2021ರಲ್ಲಿಯೇ ಎದ್ದು ನಿಂತವು. 2023ರಲ್ಲಿ ರೆಡ್ ಹ್ಯಾಟ್ ತನ್ನ ಮೂಲಸಂಕೇತವನ್ನು ಗಿರಾಕಿಗಳಿಗಷ್ಟೇ ಸೀಮಿತಗೊಳಿಸಲು ಹೊರಟಿತು. ಪರವಾನಗಿಯ ಅಕ್ಷರಕ್ಕೆ ಅದು ಹೊಂದಿದರೂ ಆಶಯಕ್ಕೆ ಹೊಂದುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ಬೆನ್ನ ಹಿಂದೆ ಕಂಪನಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ನನಗೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ. ಇಂದು ಲಿನಕ್ಸ್ ತಿರುಳನ್ನು ಬರೆಯುವವರಲ್ಲಿ ಬಹುಪಾಲು ಜನ ಯಾವುದಾದರೊಂದು ಕಂಪನಿಯ ಸಂಬಳದವರೇ. ಕಂಪನಿ ಮನಸ್ಸು ಬದಲಾಯಿಸಿದಾಗ ನಾವು ನಮ್ಮ ಗಂಟುಮೂಟೆ ಸಹಿತ ಎದ್ದು ಬರಬಹುದೇ ಎಂಬುದು ಪ್ರಶ್ನೆ. ಗಿರಣಿ ಕಾರ್ಮಿಕ ಮಗ್ಗವನ್ನು ಹೊತ್ತು ಹೊರಬರಲಾರ. 2010ರಲ್ಲಿ ಒರಾಕಲ್ ಕಂಪನಿಯು ಸನ್ ಕಂಪನಿಯನ್ನು ಕೊಂಡಾಗ ಓಪನ್ ಆಫೀಸಿನ ತಂತ್ರಾಂಶಜ್ಞರು ಇಡೀ ಕೃತಿಯನ್ನೇ ಎತ್ತಿಕೊಂಡು ಹೊರಬಂದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಿಬ್ರೆ ಆಫೀಸ್ ಎಂದು ನಾಮಕರಣ ಮಾಡಿದರು. ನಮ್ಮ ಶಾಲೆಗಳ ಲಿನಕ್ಸ್ ಗಣಕಗಳಲ್ಲಿ ಮುಂದೆ ಬಳಕೆಗೆ ಬಂದದ್ದು ಅದೇ.

ಇನ್ನು ಕನ್ನಡದ ಮಾತು. ‘ಗೋಕಾಕ’ ಎಂದರೆ ನಾಡಿಗೆಲ್ಲ ನೆನಪಾಗುವುದು ವಿ.ಕೃ. ಗೋಕಾಕರ ಸಮಿತಿಯ ವರದಿ, 1982ರ ಚಳವಳಿ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಆ ಪೀಳಿಗೆಗೆ ಗಣಕದ ತೆರೆಯ ಮೇಲಿನ ಸ್ಥಾನದ ಪ್ರಶ್ನೆ ಇನ್ನೂ ಎದುರಾಗಿರಲಿಲ್ಲ. ಆ ಪ್ರಶ್ನೆ ಬಂದಾಗ ನಮ್ಮ ಕೈಗೆ ಸಿಕ್ಕಿದ್ದು ನುಡಿ ಮತ್ತು ಬರಹ. ಎರಡೂ ಕನ್ನಡಕ್ಕೆ ಮಾಡಿದ ಸೇವೆ ದೊಡ್ಡದು. ಆದರೆ ಎರಡೂ ವಿಂಡೋಸಿಗಾಗಿ ಬರೆದವು, ಹಳೆಯ ಆವೃತ್ತಿಗಳ ಅಕ್ಷರಸಂಕೇತವೂ ಯೂನಿಕೋಡ್ ಆಗಿರಲಿಲ್ಲ. ಹೀಗಾಗಿ ನುಡಿಯಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ಉಬುಂಟುವಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಅನೇಕ ಶಾಲೆಗಳಲ್ಲಿ ಲಿನಕ್ಸ್ ಸೋತದ್ದು ತನ್ನ ದೋಷದಿಂದಲ್ಲ, ಈ ಒಂದು ಕಾರಣದಿಂದ.

ಲಿನಕ್ಸಿನಲ್ಲಿ ಕನ್ನಡ ಬಂದದ್ದು ಬೇರೆ ದಾರಿಯಿಂದ. ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕೇದಗೆ, ಮಲ್ಲಿಗೆ ಎಂಬ ಚೆಂದದ ಹೆಸರಿನ ಮುಕ್ತ ಅಕ್ಷರವಿನ್ಯಾಸಗಳು ಬಂದವು. ರೆಡ್ ಹ್ಯಾಟ್ ಲೋಹಿತ್ ಅಕ್ಷರಗಳನ್ನು ಹೊರತಂದಿತು. ಗುಬ್ಬಿ, ನವಿಲು ಎಂಬವು ಆಮೇಲೆ ಸ್ವಯಂಸೇವಕರಿಂದ ಬಂದವು. ನುಡಿಯ ಕೀಲಿಮಣೆ ವಿನ್ಯಾಸವೂ ಲಿನಕ್ಸಿನಲ್ಲಿ ದೊರೆಯಿತು. ತೆರೆಯ ಮೇಲಿನ ಪದಗಳ ಅನುವಾದದಲ್ಲಿ ಸ್ವಯಂಸೇವಕರ ಪಾಲೂ ಇತ್ತು. ಆದರೆ ಅದರ ದೊಡ್ಡ ಭಾಗವನ್ನು ಹೊತ್ತವರು ರೆಡ್ ಹ್ಯಾಟಿನ ಪುಣೆ ಕಚೇರಿಯ ಕನ್ನಡ ಅನುವಾದಕರು. ಕಡತ, ಕಡತಕೋಶ, ಕಿಟಕಿ, ಗಣಕತೆರೆ, ಕಸದಬುಟ್ಟಿ: ಇವನ್ನು ಕಂಡು ತರಬೇತಿಯಲ್ಲಿ ಕೆಲವರು ನಕ್ಕರು. ನನಗಂತೂ ಸಂತೋಷವಾಯಿತು. ಕಿಟಕಿಗೆ ಕಿಟಕಿಯೆನ್ನಲು ನಾಚಿಕೆಯೇಕೆ?

ಆದರೆ ಆ ಅನುವಾದ ಕಂಪನಿಯ ಆಸಕ್ತಿ ಇದ್ದಷ್ಟು ಕಾಲ ನಡೆಯಿತು. 2010ರ ದಶಕದ ನಡುವಿನಿಂದೀಚೆಗೆ ಹೊಸ ಆವೃತ್ತಿ ಬಂದಂತೆಲ್ಲ ಕನ್ನಡದ ಸಾಲುಗಳ ನಡುವೆ ಇಂಗ್ಲಿಷ್ ಸಾಲುಗಳು ಇಣುಕತೊಡಗಿದವು. ಯಾರೂ ಕನ್ನಡವನ್ನು ತೆಗೆದುಹಾಕಲಿಲ್ಲ. ಹೊಸದನ್ನು ಸೇರಿಸುವ ಕೈಗಳು ಕಡಿಮೆಯಾದವು, ಅಷ್ಟೆ. ಸಂಘದ ತಂತಿ ಸದಸ್ಯರದೇ, ನಿಜ. ಆದರೆ ಕಂಬ ಹತ್ತುವ ಲೈನ್‌ಮನ್ ಇಲ್ಲದಿದ್ದರೆ?

ಇದಕ್ಕೆ ಕೇರಳದ ಉದಾಹರಣೆಯನ್ನು ಎದುರಿಗಿಟ್ಟು ನೋಡಬೇಕು. ಅಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆಯು ಆ ದಶಕದ ಉತ್ತರಾರ್ಧದಲ್ಲಿ ಪ್ರೌಢಶಾಲೆಗಳನ್ನು ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಂದಿತು. ಹೊರಗಿನ ಬೋಧಕರನ್ನು ಕರೆಯಲಿಲ್ಲ. ಶಾಲೆಯ ಶಿಕ್ಷಕರನ್ನೇ ಸಿದ್ಧಗೊಳಿಸಿದರು. ವ್ಯವಸ್ಥೆಯ ತಳಹದಿ ಉಬುಂಟು, ಆದರೆ ಶಾಲೆಗೆ ಬೇಕಾದಂತೆ ಅದನ್ನು ಕಟ್ಟಿಕೊಂಡವರು ಅವರೇ. 2017ರಿಂದ ‘ಕೈಟ್’ ಎಂಬ ಹೆಸರಿನಲ್ಲಿ ಅದು ಮುಂದುವರಿದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸಿನ ಪಾಠಗಳನ್ನು ಕನ್ನಡ ಪಠ್ಯಪುಸ್ತಕದಲ್ಲಿಯೇ ಓದುತ್ತಾರೆ. ಕನ್ನಡನಾಡಿನ ನಮ್ಮ ಮಕ್ಕಳಿಗೆ ಈ ಭಾಗ್ಯ ಅಷ್ಟು ಕ್ರಮವಾಗಿ ದೊರೆಯಲಿಲ್ಲವೆಂಬುದು ಸಂಕಟದ ಮಾತು. ನಮ್ಮಲ್ಲಿ 2001ರ ಮಾಹಿತಿ ಸಿಂಧುವಿನಿಂದ ಹಿಡಿದು ಗಣಕಶಿಕ್ಷಣವನ್ನು ಬಹುಕಾಲ ಗುತ್ತಿಗೆಗೆ ಕೊಡಲಾಯಿತು: ಗುತ್ತಿಗೆದಾರರೇ ಗಣಕ ತಂದಿಟ್ಟು ಬೋಧಕರನ್ನು ನೇಮಿಸುವುದು, ಅವಧಿ ಮುಗಿದ ಮೇಲೆ ಯಂತ್ರಗಳನ್ನು ಶಾಲೆಗೆ ಒಪ್ಪಿಸುವುದು. ಅಷ್ಟರಲ್ಲಿ ಯಂತ್ರಗಳು ಮುದಿಯಾಗಿರುತ್ತಿದ್ದವು, ಕಲಿಸುವವರು ಹೋಗಿರುತ್ತಿದ್ದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿದಿದೆ. ಹಳೆಯ ಗಣಕಗಳಲ್ಲಿ ಬಹಳಷ್ಟು ವಿಂಡೋಸ್ 11ರ ಷರತ್ತುಗಳನ್ನು ಪೂರೈಸಲಾರವು. ಆದರೆ ಅವುಗಳಲ್ಲಿ ಡೆಬಿಯನ್ ಅಥವಾ ಮಿಂಟ್ ಇನ್ನೂ ಕೆಲವು ವರ್ಷ ನಿರಾತಂಕವಾಗಿ ಓಡುತ್ತದೆ. ನಮ್ಮ ಮೂರೂ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಅಂದು ಉಬುಂಟು ಕಲಿತ ಶಿಕ್ಷಕರು ಇನ್ನೂ ಸೇವೆಯಲ್ಲಿದ್ದಾರೆ. ಅನುವಾದವಾಗದೆ ಉಳಿದ ಸಾಲುಗಳಂತೂ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ. ಅವನ್ನು ಕನ್ನಡಕ್ಕೆ ತರಲು ಯಾವ ಕಂಪನಿಯ ನೌಕರಿಯೂ ಬೇಕಿಲ್ಲ. ನಿವೃತ್ತರಿಗೆ ಮಧ್ಯಾಹ್ನಗಳು ಉದ್ದವಾಗಿರುತ್ತವೆ. ನಾನು ಕಸದಬುಟ್ಟಿಯ ಆಸುಪಾಸಿನ ಸಾಲುಗಳಿಂದ ಆರಂಭಿಸಿದ್ದೇನೆ.